ಕೆಮ್ಮುವಾಗ ಪಕ್ಕೆಗೆ ಒತ್ತಿಕೊಂಡ ಕೌದಿ

ಗಂಗಾವತಿಯ ಸುತ್ತ ಭತ್ತದ ಕೊಯ್ಲು ನಡೆದು, ಯಂತ್ರ ಹಾಯ್ದ ಗದ್ದೆಗಳ ದೂಳೂ ಹುಲ್ಲು ಸುಟ್ಟ ಹೊಗೆಯೂ ಊರ ಮೇಲೆ ಕವಿದಿದ್ದ ದಿನಗಳಲ್ಲಿ ನನಗೆ ಎದೆಯ ಸೋಂಕು ತಗುಲಿತು. ಐದನೆಯ ದಿನಕ್ಕೆ ಜ್ವರ ಇಳಿಯಿತು, ಕಫವೂ ಸಡಿಲವಾಯಿತು. ಆದರೆ ಅದೇ ಹೊತ್ತಿಗೆ ಬಲಪಕ್ಕೆಯಲ್ಲಿ ಹುಟ್ಟಿದ ನೋವು ಮುಂದಿನ ಮೂರು ವಾರ ನನ್ನನ್ನು ಬಿಡಲಿಲ್ಲ. ಆ ನೋವನ್ನು ನಾನು ತಪ್ಪಾಗಿ ತಿಳಿದು, ತಪ್ಪಾಗಿಯೇ ಉಪಚರಿಸಿಕೊಂಡೆ. ಇನ್ನೊಬ್ಬರು ಹಾಗೆ ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕೆಮ್ಮುವುದು ಗಂಟಲಿನ ಕೆಲಸವೆಂದು ನಮಗೆ ಅನ್ನಿಸುತ್ತದೆ. ನಿಜಕ್ಕೂ ಒಂದೊಂದು ಕೆಮ್ಮಿಗೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಒಮ್ಮೆಗೇ ಬಿಗಿಯುತ್ತವೆ. ಹಗಲೂ ರಾತ್ರಿಯೂ ಹೀಗೆ ಬಿಗಿದು ಬಿಗಿದು ದಣಿದ ಸ್ನಾಯು, ಕೊನೆಗೆ ಮಗ್ಗುಲು ಬದಲಿಸಿದರೂ ಸಾಕು, ತಾನಾಗಿ ಸೆಟೆದು ಹಿಡಿದುಕೊಳ್ಳುತ್ತದೆ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ವಾಯು ಹಿಡದೈತಿ" ಎಂದು ಹಳೆಯ ಸೀರೆಯ ತುಂಡಿನಿಂದ ಎದೆಯನ್ನು ಬಿಗಿಯಾಗಿ ಕಟ್ಟಿದರು. ನೋವು ಕಡಿಮೆಯಾದಂತೆ ಅನ್ನಿಸಿತು, ಏಕೆಂದರೆ ಉಸಿರು ಆಳಕ್ಕೆ ಇಳಿಯುತ್ತಲೇ ಇರಲಿಲ್ಲ. ಕೆಮ್ಮು ಬಂದಾಗಲೆಲ್ಲ ಹಲ್ಲು ಕಚ್ಚಿ ತಡೆದುಕೊಂಡು ಎರಡು ದಿನ ಕಳೆದೆ. ಮೂರನೆಯ ದಿನ ಜ್ವರ ಮರಳಿ ಬಂತು.

ವೈದ್ಯರು ಮೊದಲು ಆ ಕಟ್ಟು ಬಿಚ್ಚಿಸಿದರು. ನೋವಿಗೆ ಹೆದರಿ ಉಸಿರನ್ನೂ ಕೆಮ್ಮನ್ನೂ ಹಿಡಿದಿಟ್ಟರೆ ಕಫ ಶ್ವಾಸಕೋಶದ ಕೆಳಭಾಗದಲ್ಲಿಯೇ ನಿಲ್ಲುತ್ತದೆ, ನಿಂತ ಕಫದಲ್ಲಿ ಸೋಂಕು ಬಲಿಯುತ್ತದೆ ಎಂದು ವಿವರಿಸಿದರು. ನೋವಿನ ಗುಳಿಗೆ ನುಂಗುವುದು ಸಹನೆಯಿಲ್ಲದವರ ಕೆಲಸವೆಂದು ನಂಬಿದ್ದ ನನಗೆ, ನೋವನ್ನು ಇಳಿಸುವುದೂ ಸೋಂಕಿನ ಚಿಕಿತ್ಸೆಯ ಒಂದು ಭಾಗವೆಂಬುದು ಅಂದು ಅರ್ಥವಾಯಿತು.

ಆಮೇಲೆ ಅವರು ಕೆಮ್ಮುವುದನ್ನು ಕಲಿಸಿದರು. ನೆಟ್ಟಗೆ ಕುಳಿತು, ಕಾಲುಗಳನ್ನು ನೆಲಕ್ಕೆ ಊರಿ, ದಿಂಬನ್ನು ನೋವಿರುವ ಪಕ್ಕೆಗೆ ಎರಡೂ ಕೈಗಳಿಂದ ಒತ್ತಿ ಹಿಡಿದು, ತುಸು ಮುಂದಕ್ಕೆ ಬಾಗಿ ಕೆಮ್ಮಬೇಕು. ಒತ್ತುವುದು ಕೆಮ್ಮುವ ಕ್ಷಣಕ್ಕೆ ಮಾತ್ರ. ಸದಾ ಬಿಗಿದಿಡುವ ಕಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ನಮ್ಮ ದಿಂಬು ತೀರ ಮೆತ್ತಗಿದ್ದುದರಿಂದ ನಾನು ಅವ್ವ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಒತ್ತಿಕೊಂಡೆ. ಅದರ ಒತ್ತು ಹೊಲಿಗೆಯ ಗಡಸುತನ ಪಕ್ಕೆಗೆ ಆಧಾರವಾಗಿ ನಿಂತಿತು, ಮೊದಲ ಬಾರಿಗೆ ಕಣ್ಣಲ್ಲಿ ನೀರು ಬಾರದೆ ಕೆಮ್ಮಿದೆ. ಜೋರಾಗಿ ಕೆಮ್ಮಲಾಗದಿದ್ದಾಗ, ಕನ್ನಡಕದ ಗಾಜು ಒರೆಸುವ ಮುನ್ನ ಹಬೆ ಊದುವಂತೆ ಬಾಯಿ ತೆರೆದು ಎರಡು ಮೂರು ಸಲ "ಹಾ" ಎಂದು ಉಸಿರು ಹೊರಹಾಕಿದರೂ ಕಫ ಮೇಲಕ್ಕೆ ಸರಿಯುತ್ತಿತ್ತು.

ಪ್ಯಾರಾಸಿಟಮಾಲ್ ಅನ್ನು ನೋವು ಏರಿದ ಮೇಲೆ ಹುಡುಕದೆ, ವೈದ್ಯರು ಬರೆದುಕೊಟ್ಟಂತೆ ಆರು ಗಂಟೆಗೊಮ್ಮೆ ತೆಗೆದುಕೊಂಡೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಅದರ ಮೇಲ್ಮಿತಿ. ಯಕೃತ್ತಿನ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ನೆಗಡಿಯ ಗುಳಿಗೆಗಳಲ್ಲಿಯೂ ಅದೇ ಔಷಧ ಅಡಗಿರುವುದರಿಂದ ಚೀಟಿ ಓದದೆ ಎರಡನ್ನೂ ನುಂಗಬಾರದು. ಇನ್ನೊಂದು ನೋವಿನ ಗುಳಿಗೆಯಾದ ಐಬುಪ್ರೊಫೇನ್ ಅನ್ನು ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಅಸ್ತಮಾ ಇರುವವರು ಕೇಳದೆ ಮುಟ್ಟಬಾರದು. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಹದಿನೈದು ನಿಮಿಷ ಇಟ್ಟುಕೊಂಡರೆ ಸೆಟೆದ ಸ್ನಾಯು ಸಡಿಲುತ್ತಿತ್ತು. ಮಲಗುವಾಗ ಬೆನ್ನಿಗೆ ದಿಂಬುಗಳನ್ನು ಏರಿಸಿ ಒರಗಿಕೊಳ್ಳುತ್ತಿದ್ದೆ.

ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಲೋಟ ಹಿಡಿದರೆ ಬೆರಳು ನಡುಗುವುದು ಬೇರೆ ಶುರುವಾಗಿತ್ತು. ಉಬ್ಬಸಕ್ಕೆಂದು ಕೊಟ್ಟಿದ್ದ ಸಾಲ್ಬುಟಮಾಲ್‌ನಿಂದ ಹೀಗಾಗುವುದುಂಟು. ಅದು ರಕ್ತದ ಪೊಟ್ಯಾಸಿಯಂ ಅನ್ನೂ ಇಳಿಸಬಲ್ಲದು. ನಾನಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿದೆ, ಅವರು ಪ್ರಮಾಣ ತಗ್ಗಿಸಿದರು.

ಪಕ್ಕೆಯ ನೋವೆಲ್ಲ ಸ್ನಾಯುವಿನದೇ ಆಗಿರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಒತ್ತಿದಲ್ಲಿ ನೋಯದೆ, ಉಸಿರೆಳೆದಾಗ ಮಾತ್ರ ಚೂರಿಯಿಂದ ಇರಿದಂತಾದರೆ ಶ್ವಾಸಕೋಶದ ಹೊದಿಕೆಗೆ ಉರಿಯೂತ ಆಗಿರಬಹುದು. ಮೂಳೆ ಸವೆದ ವಯಸ್ಸಾದವರಲ್ಲಿ ಬರಿಯ ಕೆಮ್ಮಿಗೇ ಪಕ್ಕೆಲುಬು ಬಿರಿಯುವುದುಂಟು. ಕಫದಲ್ಲಿ ರಕ್ತ, ಮಾತು ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಎಡಗೈಗೋ ದವಡೆಗೋ ಹರಿಯುವ ಎದೆನೋವು, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗಿನ ಅಂಕಿ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ನನ್ನ ಕೆಮ್ಮು ಎರಡು ವಾರ ದಾಟಿದ್ದರಿಂದ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡಿಸಿದೆ. ಅದು ಅಲ್ಲಿ ಉಚಿತ, ಹಿಂಜರಿಯುವಂಥದ್ದೇನೂ ಅದರಲ್ಲಿಲ್ಲ. ಕ್ಷಯ ಇರಲಿಲ್ಲ.

ನಾಲ್ಕನೆಯ ವಾರದ ಕೊನೆಗೆ ಶಾಲೆಗೆ ಮರಳಿದೆ. ಬಲಗೈ ಎತ್ತಿದರೆ ಪಕ್ಕೆ ಇನ್ನೂ ಎಳೆಯುತ್ತಿದ್ದುದರಿಂದ, ಕೆಲವು ದಿನ ಕಪ್ಪುಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆದೆ. ಹಿಂದಿನ ಸಾಲಿನ ಮಕ್ಕಳು ಎದ್ದು ಬಂದು ಮುಂದೆ ನೆಲದ ಮೇಲೆ ಕುಳಿತು ಬರೆದುಕೊಂಡರು.