ಮಂದಾರದ ಮರ ಕಿತ್ತು ನೆಟ್ಟ ದಿನಚರಿ

ಐದು ತಿಂಗಳ ಮೊದಲು

ಹಳೆ ತೋಟದ ಮೂಲೆಯ ಕೆಂಪು ಮಂದಾರ ನಾನೇ ನೆಟ್ಟು ಬೆಳೆಸಿದ್ದು. ಎಂಟು ವರ್ಷದ ಮರ. ಎಲೆ ಎತ್ತಿನ ಗೊರಸಿನ ಹಾಗೆ ನಡುವೆ ಸೀಳಿರುತ್ತದೆ, ಅದಕ್ಕೇ ಬಸವನಪಾದ ಅಂತಲೂ ಕರೆಯುತ್ತಾರೆ. ಆ ತೋಟ ಬಿಡಬೇಕಾಯಿತು, ಮರ ಬಿಡಲು ಮನಸ್ಸು ಬರಲಿಲ್ಲ. ಹೊಸ ಸಸಿ ತಂದು ನೆಡೋದೇ ಸುಲಭ, ಗೊತ್ತು. ಆದರೂ.

ನೆಲದಿಂದ 15 ಸೆಂ.ಮೀ. ಮೇಲೆ ಕಾಂಡದ ದಪ್ಪ ಅಳೆದೆ: 7 ಸೆಂ.ಮೀ. ಬೇರಿನ ಜೊತೆ ಬರುವ ಮಣ್ಣಿನ ಉಂಡೆ ಅದರ ಹತ್ತು-ಹನ್ನೆರಡು ಪಟ್ಟು ಅಗಲ ಇರಬೇಕು ಅನ್ನೋದು ರೂಢಿಯ ಲೆಕ್ಕ. ಅಂದರೆ ಕಡಿಮೆ ಅಂದರೂ 70 ಸೆಂ.ಮೀ. ಆಳ 45 ಸಾಕು, ನೀರು ಹೀರುವ ಸಣ್ಣ ಬೇರು ಹೆಚ್ಚಾಗಿ ಮೇಲ್ಮಣ್ಣಲ್ಲೇ ಇರುತ್ತವೆ. ತೂಕ ಎಷ್ಟಾದೀತು ಅಂತ ಸುಮ್ನೆ ಲೆಕ್ಕ ಹಾಕಿದರೆ 200 ಕೆಜಿ ದಾಟಿತು! ಸ್ವಲ್ಪ ಹೊತ್ತು ಮರದ ಬುಡದಲ್ಲೇ ಕೂತೆ.

ಆಮೇಲೆ ಎದ್ದು, ಕಾಂಡದ ಸುತ್ತ 60 ಸೆಂ.ಮೀ. ಅಗಲದ ವೃತ್ತ ಗೀಚಿ, ಅರ್ಧ ವೃತ್ತದ ಉದ್ದಕ್ಕೂ ಸನಿಕೆಯನ್ನು ನೇರ ಕೆಳಗೆ ತುಳಿದು ಬೇರು ಕತ್ತರಿಸಿದೆ. ಉಳಿದರ್ಧ ಆರು ವಾರ ಬಿಟ್ಟು. ಬೆಳೆದ ಮರದ ನೀರು ಹೀರುವ ಬೇರುಗಳಲ್ಲಿ ಬಹಳಷ್ಟು ಕೊಂಬೆಗಳ ನೆರಳಿಗಿಂತ ಆಚೆ ಹೋಗಿರುತ್ತವೆ. ಒಮ್ಮೆಲೇ ಅಗೆದರೆ ಅವೆಲ್ಲ ಹಳೆ ತೋಟದಲ್ಲೇ ಉಳಿಯುತ್ತವೆ. ಮುಂಚೆಯೇ ಕತ್ತರಿಸಿದರೆ ತುದಿಯಲ್ಲಿ ಹೊಸ ಬೇರು ಒಡೆದು, ಉಂಡೆಯ ಒಳಗೇ ಸೇರಿಕೊಂಡು ಬರುತ್ತವೆ.

ಕಿತ್ತ ದಿನ

ಎಲೆ ಉದುರಿದ್ದವು, ಹೊಸ ಚಿಗುರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎರಡು ದಿನ ಮೊದಲೇ ಬುಡಕ್ಕೆ ಚೆನ್ನಾಗಿ ನೀರು ಹಾಕಿದ್ದೆ, ಒಣ ಮಣ್ಣಾದರೆ ಉಂಡೆ ನಿಲ್ಲೋದಿಲ್ಲ. ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಒಂದು ಕೆಂಪು ದಾರ ಕಟ್ಟಿದೆ. ಹೊಸ ಜಾಗದಲ್ಲೂ ಅದೇ ಮಗ್ಗುಲು ಬಿಸಿಲಿಗೆ ಇರಲಿ, ನೆರಳಲ್ಲಿದ್ದ ತೊಗಟೆ ಒಮ್ಮೆಲೇ ಸುಡಬಾರದು ಅಂತ.

70 ಸೆಂ.ಮೀ. ಗುರುತಿನ ಹೊರಗೆ ಕಾಲುವೆ ತೋಡುತ್ತಾ ಹೋದೆ. ಒಂದು ಕಡೆ ಮಣ್ಣು ಕೆರೆದು ನೋಡಿದರೆ, ಹೆಬ್ಬೆರಳು ದಪ್ಪದ ಬೇರು, ಕತ್ತರಿಸಿದ ಜಾಗ ಕಪ್ಪಾಗಿದೆ, ಅದರ ಅಂಚಿನಿಂದ ಬಿಳೀ ಎಳೆಗಳು ಪೊರಕೆ ಕಡ್ಡಿ ಹಾಗೆ ಹರಡಿವೆ. ಐದು ತಿಂಗಳು ಕಾದದ್ದು ಇದಕ್ಕೇ. ಬೇಗ ಮಣ್ಣು ಮುಚ್ಚಿದೆ, ಗಾಳಿ ತಾಗಿದರೆ ಅವು ನಿಮಿಷಗಳಲ್ಲಿ ಒಣಗುತ್ತವೆ.

ಉಂಡೆಯ ಅಡಿಯಲ್ಲಿ ನೇರ ಕೆಳಗೆ ಇಳಿದ ಒಂದು ಬೇರಿತ್ತು. ಗರಗಸದಲ್ಲಿ ಕೊಯ್ದೆ. ಗೋಣಿತಾಟು ಸುತ್ತಿ ಹಗ್ಗ ಬಿಗಿದು, ನಾಲ್ಕು ಜನ ಸೇರಿ ಹಲಗೆ ಮೇಲೆ ಜಾರಿಸಿದೆವು. ಕಾಂಡ ಹಿಡಿದು ಎತ್ತಬೇಡಿ ಅಂತ ನಾನು ಕೂಗಿದ್ದೇ ಕೂಗಿದ್ದು. ಅಷ್ಟಾದರೂ ತಿರುವಿನಲ್ಲಿ ಒಂದು ಮೂಲೆಯ ಮಣ್ಣು ಉದುರಿಹೋಯಿತು.

ನೆಟ್ಟ ಮರುದಿನ

ಇಲ್ಲಿ ತಪ್ಪು ನನ್ನದೇ. ಗುಂಡಿ ಒಂದೂವರೆ ಮೀಟರ್ ಅಗಲ ಮಾಡಿದ್ದೆ, ಅದು ಸರಿ. ಆದರೆ ಬೇರಿಗೆ ಹಿತವಾಗಲಿ ಅಂತ ತಳದ ಮಣ್ಣನ್ನೂ ಅಗೆದು ಸಡಿಲ ಮಾಡಿಬಿಟ್ಟೆ. ರಾತ್ರಿ ನೀರು ಹಾಕಿದ್ದೆ, ಬೆಳಗ್ಗೆ ನೋಡಿದರೆ ಮರ 6 ಸೆಂ.ಮೀ. ಇಳಿದಿದೆ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಾಣಬೇಕು, ಅದು ಹೂತರೆ ತೊಗಟೆ ಕೊಳೆಯುತ್ತದೆ. ಮತ್ತೆ ನಾಲ್ಕು ಜನರನ್ನು ಕರೆದು, ಹಾರೆ ಹಾಕಿ ಎತ್ತಿ, ಅಡಿಗೆ ಮಣ್ಣು ತುಂಬಿ ತುಳಿದದ್ದಾಯಿತು. ಯಾರೂ ಬೈಯಲಿಲ್ಲ, ಅದೇ ಹೆಚ್ಚು.

ಗುಂಡಿಗೆ ಗೊಬ್ಬರ ಹಾಕಲಿಲ್ಲ, ಅಗೆದ ಮಣ್ಣನ್ನೇ ವಾಪಸ್ ತುಂಬಿದೆ. ಕೊಂಬೆ ಅರ್ಧಕ್ಕೆ ಕಡಿ, ಬೇರಿಗೆ ಭಾರ ಕಡಿಮೆ ಆಗುತ್ತೆ ಅಂತ ಸಲಹೆ ಬಂತು. ಮುರಿದ ಎರಡನ್ನು ಬಿಟ್ಟರೆ ಮುಟ್ಟಲಿಲ್ಲ. ಬೇರು ಬೆಳೆಯಲು ಪ್ರೇರಣೆ ಕೊಡೋದೇ ಕೊಂಬೆ ತುದಿಯ ಮೊಗ್ಗುಗಳು, ಅವನ್ನೇ ಕಡಿದರೆ ಹೇಗೆ? ಬುಡದ ಸುತ್ತ ಪಾತಿ, ಅದರ ಮೇಲೆ ನಾಲ್ಕು ಬೆರಳು ತರಗೆಲೆ, ಕಾಂಡಕ್ಕೆ ತಾಗದ ಹಾಗೆ.

ನಾಲ್ಕನೇ ವಾರ

ಏನೂ ಇಲ್ಲ. ನೀರಿನ ವಿಷಯದಲ್ಲಿ ಮಾತ್ರ ಒಂದು ಪಾಠ ಆಯಿತು. ಸುತ್ತಲಿನ ಮಣ್ಣು ಹಸಿ ಇತ್ತು, ಸಾಕು ಅಂದುಕೊಂಡಿದ್ದೆ. ಬುಡದ ಹತ್ತಿರ ಬೆರಳು ತೂರಿಸಿದರೆ ಉಂಡೆ ಒಣಗಿತ್ತು. ಸದ್ಯಕ್ಕೆ ಬೇರಿರೋದು ಉಂಡೆಯೊಳಗೆ ಮಾತ್ರ ಅಲ್ವಾ? ಈಗ ಬೆರಳಿಟ್ಟು ನೋಡದೆ ನೀರು ಹಾಕೋದಿಲ್ಲ.

ಉಗುರಿನಿಂದ ಒಂದು ಕಡ್ಡಿಯ ತೊಗಟೆ ಕೆರೆದೆ. ಒಳಗೆ ಹಸಿರು.

52ನೇ ದಿನ

ಎಲೆ ಬಂದಿವೆ, ಹಳೆಯದರ ಅರ್ಧ ಗಾತ್ರ. ಮಂದಾರದ ಎಲೆ ರಾತ್ರಿ ಎರಡು ಮಗ್ಗುಲೂ ಕೂಡಿಕೊಂಡು ಮಡಚಿಕೊಳ್ಳುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋದೆ. ಪುಟ್ಟ ಎಲೆಗಳೂ ಪುಸ್ತಕ ಮುಚ್ಚಿದ ಹಾಗೆ ಮುಚ್ಚಿದ್ದವು. ಮನೆಯವರನ್ನು ಕರೆದು ತೋರಿಸಿದೆ, ಸೊಳ್ಳೆ ಜಾಸ್ತಿ ಅಂತ ಒಳಗೆ ಹೋದರು.

80ನೇ ದಿನ

ಮಣ್ಣು ಉದುರಿದ್ದ ಕಡೆಯ ಒಂದು ಕೊಂಬೆ ಒಣಗಿದೆ. ಹಸಿರು ಸಿಗುವವರೆಗೆ ಹಿಂದಕ್ಕೆ ಬಂದು ಕತ್ತರಿಸಿದೆ. ಈ ವರ್ಷ ಹೂವಿನ ಆಸೆ ಇಲ್ಲ. ಆಸರೆ ಕೋಲಿನ ಹಗ್ಗ ಸಡಿಲಿಸಿದ್ದೇನೆ, ಗಾಳಿಗೆ ಕಾಂಡ ಸ್ವಲ್ಪ ಅಲುಗಾಡಲಿ. ಕೆಂಪು ದಾರ ಬಿಚ್ಚೋದು ಮರೆತೇ ಹೋಗಿದೆ.