ಅಪ್ಪನ ಅಲಾರಂ

ಅಪ್ಪನ ಫೋನ್ ಈಗಲೂ ಬೆಳಗ್ಗೆ 5.40ಕ್ಕೆ ಹೊಡ್ಕೊಳ್ಳುತ್ತೆ. ಆಫ್ ಮಾಡೋಕೆ ಮನಸ್ಸು ಬಂದಿಲ್ಲ. ಆ ಅಲಾರಂ ಅವರಿಗಲ್ಲ, ನನಗೆ. ಪರೀಕ್ಷೆಯ ವರ್ಷ ನನ್ನನ್ನು ಎಬ್ಬಿಸೋಕೆ ಇಟ್ಟಿದ್ದು. ನಾನು ಓದು ಮುಗಿಸಿ, ಕೆಲಸ ಹಿಡಿದು ಬೇರೆ ಊರಿಗೆ ಹೋದ್ಮೇಲೂ ತೆಗೆದಿರಲಿಲ್ಲ.

ಅಪ್ಪ ಹೋಗಿದ್ದು ಒಂದು ಮಾಮೂಲಿ ಮಂಗಳವಾರ. ಹಿಂದಿನ ರಾತ್ರಿ ಫೋನಲ್ಲಿ "ಗಾಡಿಗೆ ಗಾಳಿ ಹೊಡೆಸಿದ್ಯಾ?" ಅಂತ ಕೇಳಿದ್ರು. "ಹೂಂ ಅಪ್ಪಾ" ಅಂದೆ. ಹೊಡೆಸಿರಲಿಲ್ಲ. ಅವರ ಜೊತೆ ಕೊನೆಯದಾಗಿ ಆಡಿದ್ದು ಒಂದು ಸುಳ್ಳು, ಅದೂ ಟೈರಿನ ಬಗ್ಗೆ.

ಆಮೇಲೆ ಸಿಕ್ಕಿದ್ದೆಲ್ಲಾ ಓದಿದೆ. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಮೊದಲನೆಯದರಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತೆ, ಎರಡನೆಯದರಲ್ಲಿ ಬಡಿತವೇ ನಿಂತುಹೋಗುತ್ತೆ. ಆಗ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಕನಿಷ್ಠ 5 ಸೆಂಟಿಮೀಟರ್ ಇಳಿಯೋ ಹಾಗೆ. ಅವತ್ತು ಅಲ್ಲಿದ್ದ ಯಾರಿಗೂ ಇದು ಗೊತ್ತಿರಲಿಲ್ಲ. ತಡವಾಗಿ ಕಲಿತೆ, ಒಂದು ಬೊಂಬೆಯ ಎದೆ ಮೇಲೆ. ಎಣಿಸ್ತಾ 30ಕ್ಕೆ ಬರೋಷ್ಟರಲ್ಲಿ ಅತ್ತುಬಿಟ್ಟೆ. ಕಲಿಸ್ತಿದ್ದವರು ಏನೂ ಕೇಳಲಿಲ್ಲ, ಪುಣ್ಯಾತ್ಮರು.

ಪ್ರೀತಿ ಅನ್ನೋ ಮಾತು ಅಪ್ಪನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಬರ್ತಿದ್ದದ್ದು "ತಲುಪಿದ ತಕ್ಷಣ ಫೋನ್ ಮಾಡು" ಅಷ್ಟೇ. ನಾನು ರಾತ್ರಿ ಬಸ್ ಹತ್ತಿದ್ರೆ ಅವರು ಬೆಳಗಿನವರೆಗೂ ಕಣ್ಣು ಮುಚ್ಚುತ್ತಿರಲಿಲ್ಲವಂತೆ. ಅಮ್ಮ ಮೊನ್ನೆ ಹೇಳಿದ್ಲು.

ನಿನ್ನೆ ಗಾಡಿಗೆ ಗಾಳಿ ಹೊಡೆಸಿಕೊಂಡು ಮನೆಗೆ ಬಂದೆ. ಹೇಳೋಣ ಅಂತ ಅಭ್ಯಾಸಬಲದಿಂದ ಅವರ ನಂಬರ್ ಒತ್ತಿದೆ. ಪಕ್ಕದ ರೂಮಲ್ಲಿ ರಿಂಗಾಯ್ತು.