ಕಾರಿನ ಬ್ಯಾಟರಿಯೂ ಹಗ್ಗ ಬಿಚ್ಚಿಕೊಂಡ ಕರುವೂ

ಹೊಸ ಬ್ಯಾಟರಿ ಹಾಕಿಸಿ ತಿಂಗಳು ತುಂಬುವ ಮೊದಲೇ ಕಾರು ಮತ್ತೆ ಸೋಮವಾರ ಬೆಳಿಗ್ಗೆ ಏಳಲಿಲ್ಲ ಅಂದರೆ, ತಪ್ಪು ಬ್ಯಾಟರಿಯದ್ದಲ್ಲ ಅನ್ನಲು ಫಿಸಿಕ್ಸ್ ಎಂ.ಎಸ್ಸಿ. ಏನೂ ಬೇಕಾಗಿಲ್ಲ. ನನ್ನ ಹತ್ತಿರ ಅದೂ ಇದೆ. ವರ್ಷಗಟ್ಟಲೆಯಿಂದ ಪಿಯು ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತಿದ್ದೇನೆ. ಆದರೂ ನಮ್ಮ ಮನೆಯಲ್ಲಿ ವಿಷಯವನ್ನು ಮೊದಲು ಸರಿಯಾಗಿ ಹೇಳಿದವರು ಮಾವ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, "ಬೆಳಿಗ್ಗೆ ಹಾಲು ಕಮ್ಮಿ ಆಯ್ತು ಅಂತ ಯಾರಾದ್ರೂ ದನ ಬದಲಾಯಿಸ್ತಾರನೇ? ರಾತ್ರಿ ಕರು ಹಗ್ಗ ಬಿಚ್ಕೊಳ್ತದಾ ಅಂತ ನೋಡ್ಬೇಕು" ಅಂದರು.

ತೀರ್ಥಹಳ್ಳಿಯಿಂದ ಸುಮಾರು ಹದಿನೈದು ಕಿಲೋಮೀಟರ್ ಒಳಗೆ ನಮ್ಮ ಮನೆ. ಕಾಲೇಜಿಗೆ ಹೋಗಿ ಬರಲು ಹಳೆಯದೊಂದು ಪೆಟ್ರೋಲ್ ಕಾರು, ಚಿಕ್ಕದು. ವಾರವೆಲ್ಲ ಓಡುತ್ತದೆ, ಶನಿವಾರ ಮಧ್ಯಾಹ್ನ ಶೆಡ್ಡಿಗೆ ಬಂದರೆ ಮತ್ತೆ ಹೊರಡುವುದು ಸೋಮವಾರ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಈ ಸೋಮವಾರದ ರೋಗ ಶುರುವಾಯಿತು. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಟಕ್ ಟಕ್ ಅಂತ ಸದ್ದು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕು. ಮನೆ ಮುಂದಿನ ದಾರಿ ಇಳಿಜಾರು ಆಗಿದ್ದಕ್ಕೆ ಬಚಾವು. ಇವರು ಹಿಂದಿನಿಂದ ಒಂದು ನೂಕು ಕೊಟ್ಟರೆ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸಿಕೊಂಡು ಹೋಗುತ್ತಿದ್ದೆ. ಕಾಲೇಜಿನ ಅಂಗಳ ಮಾತ್ರ ಸಪಾಟು. ಅಲ್ಲಿ ನಿಂತರೆ ನೂಕುವವರು ನನ್ನದೇ ವಿದ್ಯಾರ್ಥಿಗಳು, ಹಲ್ಲು ಕಿಸಿಯುತ್ತಾ.

ಬ್ಯಾಟರಿ ಅಂಗಡಿಯವರು ಮೀಟರ್ ಇಟ್ಟು "ಸೆಲ್ ಹೋಗಿದೆ ಮೇಡಂ" ಅಂದರು. ಹಳೆಯದನ್ನು ಎಕ್ಸ್‌ಚೇಂಜಿಗೆ ತೆಗೆದುಕೊಂಡು 35 ಆಂಪಿಯರ್ ಅವರ್‌ನ (ಒಂದು ಆಂಪಿಯರ್ ಕರೆಂಟನ್ನು ಸುಮಾರು 35 ಗಂಟೆ ಕೊಡಬಲ್ಲ) ಹೊಸದು ಕೊಟ್ಟರು. ಅದೂ ಮಲಗಿದ ಮೇಲೆ ಗ್ಯಾರೇಜಿನವರ ಸರದಿ: "ಡೈನಮೋ ಇರ್ಬೇಕು. ಬಿಚ್ಚಿ ಶಿವಮೊಗ್ಗಕ್ಕೆ ಕಳಿಸೋಣ." ಇದು ತೀರಾ ಗಾಳಿಮಾತೇನಲ್ಲ. ಡೈನಮೋ ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್, ಅದರೊಳಗೆ ಡಯೋಡುಗಳಿರುತ್ತವೆ. ಎಸಿಯನ್ನು ಡಿಸಿ ಮಾಡುವುದು ಅವುಗಳ ಕೆಲಸ, ಕರೆಂಟು ಬ್ಯಾಟರಿಯಿಂದ ವಾಪಸು ಹರಿಯದಂತೆ ತಡೆಯುವುದೂ ಅವೇ. ಒಂದು ಡಯೋಡ್ ಸೋರಿದರೂ ರಾತ್ರಿಯಿಡೀ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಆದರೆ "ಇರ್ಬೇಕು" ಅನ್ನುವ ಮಾತಿಗೆ ಸಾವಿರಾರು ರೂಪಾಯಿ ಕೊಡಲು ನನಗೆ ಮನಸ್ಸಾಗಲಿಲ್ಲ. ಲ್ಯಾಬಿನಲ್ಲಿ ಮಕ್ಕಳು ರೀಡಿಂಗ್ ತೆಗೆದುಕೊಳ್ಳದೆ ಉತ್ತರ ಬರೆದರೆ ಸೊನ್ನೆ ಹಾಕುವವಳು ನಾನು.

ಮನೆಯಲ್ಲಿ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಇತ್ತು. ಮೊದಲು ಸುಲಭದ ಅಳತೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14.2 ವೋಲ್ಟ್ ಬಂತು. ಅಂದರೆ ಡೈನಮೋ ಚಾರ್ಜ್ ಮಾಡುತ್ತಿದೆ, 13.8ರಿಂದ 14.5ರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಿಂತ ಗಾಡಿಯಲ್ಲಿ ಪೂರ್ತಿ ತುಂಬಿದ ಬ್ಯಾಟರಿ 12.6, 12.7 ತೋರಿಸಬೇಕು. 12.2ಕ್ಕೆ ಇಳಿದರೆ ಅರ್ಧ ಖಾಲಿ. ಸೋಮವಾರ ಬೆಳಿಗ್ಗೆ ನಮ್ಮದು 11.9. ತುಂಬಿಸುವವನು ತುಂಬಿಸುತ್ತಿದ್ದಾನೆ, ಕುಡಿಯುವವನು ಕುಡಿಯುತ್ತಿದ್ದಾನೆ. ಇನ್ನು ಕರು ಹಿಡಿಯುವುದೊಂದೇ ಬಾಕಿ.

ನಿಲ್ಲಿಸಿದ ಕಾರೂ ಸ್ವಲ್ಪ ಕರೆಂಟು ತಿಂದೇ ತಿನ್ನುತ್ತದೆ. ಗಡಿಯಾರ, ಸ್ಟೀರಿಯೋದ ನೆನಪು, ರಿಮೋಟ್ ಲಾಕಿನ ರಿಸೀವರ್ ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್. 50 ಅಂತಲೇ ಇಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು, ವಾರ ನಿಂತರೂ ಗಾಡಿ ಏಳುತ್ತದೆ. ಇದಕ್ಕಿಂತ ಹೆಚ್ಚು ಹೋಗುತ್ತಿದ್ದರೆ ಎಲ್ಲೋ ಕಳ್ಳತನ ನಡೆಯುತ್ತಿದೆ.

ಅದನ್ನು ಅಳೆಯಲು ಮೀಟರನ್ನು ಬ್ಯಾಟರಿಗೆ ಅಡ್ಡಲಾಗಿ ಇಟ್ಟರೆ ಆಗದು, ಸರಣಿಯಲ್ಲಿ, ಅಂದರೆ ಕರೆಂಟು ಮೀಟರಿನ ಮೂಲಕವೇ ಹಾದುಹೋಗುವಂತೆ ಕೂರಿಸಬೇಕು. ಆಂಪಿಯರಿಗೆ ಸೆಟ್ ಮಾಡಿದ ಮೀಟರನ್ನು ಬ್ಯಾಟರಿಯ ಎರಡು ಕಂಬಕ್ಕೆ ನೇರ ಮುಟ್ಟಿಸಿದರೆ ಶಾರ್ಟ್ ಮಾಡಿದ ಹಾಗೆ. ಕಿಡಿ ಹಾರುತ್ತದೆ, ಮೀಟರ್ ಸುಡುತ್ತದೆ. ಕೆಂಪು ವೈರನ್ನು 10 ಆಂಪಿಯರ್ ಅಂತ ಬರೆದಿರುವ ತೂತಿಗೇ ಹಾಕಬೇಕು. ನನ್ನದರಂಥ ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಒಳಗೆ ಫ್ಯೂಸ್ ಇರುವುದಿಲ್ಲ. ಹಾಗಾಗಿ ಮೀಟರ್ ಸರಣಿಯಲ್ಲಿ ಇರುವಷ್ಟು ಹೊತ್ತು ಕೀ ಹಾಕಿ ಸೆಲ್ಫ್ ಹೊಡೆಯುವ ಕೆಲಸ ಯಾರೂ ಮಾಡಬಾರದು. ನಾನು ಕೀ ತಂದು ದೇವರ ಮನೆಯಲ್ಲಿ ಇಟ್ಟೆ. ಅಲ್ಲಿಂದ ಯಾರೂ ಕೇಳದೆ ತೆಗೆಯುವುದಿಲ್ಲ.

ಬಿಚ್ಚುವುದು ನೆಗೆಟಿವ್ ಕಂಬದ ಕಡೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ, ನೆಗೆಟಿವ್ ಕಡೆ ತಾಗಿದರೆ ಏನೂ ಆಗುವುದಿಲ್ಲ; ಬಾಡಿಯೇ ಅರ್ತ್. ಇಲ್ಲೊಂದು ಸೂಕ್ಷ್ಮ ಇದೆ. ಕ್ಲಾಂಪನ್ನು ಪೂರ್ತಿ ಕಿತ್ತು ಆಮೇಲೆ ಮೀಟರ್ ಜೋಡಿಸಿದರೆ ಗಾಡಿಗೆ ಒಮ್ಮೆ ಕರೆಂಟು ಕಡಿದ ಹಾಗಾಗುತ್ತದೆ. ಅಂಟಿಕೊಂಡ ರಿಲೇ ಸ್ವಿಚ್ಚೋ ಎಚ್ಚರ ತಪ್ಪದ ಕಂಟ್ರೋಲ್ ಯೂನಿಟ್ಟೋ ಇದ್ದರೆ ಅಷ್ಟಕ್ಕೇ ಸರಿಹೋಗಿ, ಕಳ್ಳ ತಪ್ಪಿಸಿಕೊಳ್ಳುತ್ತಾನೆ. ಅದಕ್ಕೇ ಒಂದು ಮೊಸಳೆ ಕ್ಲಿಪ್ಪನ್ನು ಮೊದಲೇ ಕಂಬಕ್ಕೆ, ಇನ್ನೊಂದನ್ನು ಕೇಬಲಿನ ಕ್ಲಾಂಪಿಗೆ ಕಚ್ಚಿಸಿ, ಹತ್ತು ನಂಬರ್ ಸ್ಪ್ಯಾನರಿನಲ್ಲಿ ಸಡಿಲಿಸಿ ಕ್ಲಾಂಪನ್ನು ಮೆಲ್ಲಗೆ ಮೇಲೆತ್ತಿದೆ. ಕರೆಂಟು ಕಡಿಯದೆ ಮೀಟರಿನೊಳಗೆ ಹರಿಯಿತು.

ಚಾಲಕರ ಬಾಗಿಲು ತೆರೆದೇ ಇರಬೇಕಿತ್ತು, ಫ್ಯೂಸ್ ಪೆಟ್ಟಿಗೆ ಇರುವುದು ಅಲ್ಲೇ ಸ್ಟೀರಿಂಗಿನ ಕೆಳಗೆ. ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಲಾಕ್ ಮಾಡಿದೆ. ನಮ್ಮ ಗಾಡಿಯಲ್ಲಿ ಅಷ್ಟು ಮಾಡಿದರೆ ಬಾಗಿಲು ಮುಚ್ಚಿದೆ ಅಂತ ಅದು ನಂಬುತ್ತದೆ. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಬಾಗಿಲ ಚೌಕಟ್ಟಿನಲ್ಲಿ ಗುಂಡಿಯ ಹಾಗೆ ಇರುತ್ತದೆ, ಅದನ್ನು ಒತ್ತಿ ಟೇಪ್ ಅಂಟಿಸಬೇಕು. ಆಮೇಲೆ ಸುಮ್ಮನೆ ಕಾಯುವುದು. ಮೀಟರ್ ಮೊದಲು ಎರಡು ಆಂಪಿಯರಿಗಿಂತ ಮೇಲೆ ಇತ್ತು, ಗಾಡಿಯೊಳಗಿನ ಒಂದೊಂದೇ ಯೂನಿಟ್ ಮಲಗಿದ ಹಾಗೆ ಇಳಿಯುತ್ತಾ ಬಂತು. ಕೆಲವು ಗಾಡಿಗಳು ಹತ್ತು ನಿಮಿಷಕ್ಕೆ ಮಲಗುತ್ತವೆ, ಕೆಲವಕ್ಕೆ ಅರ್ಧ ಗಂಟೆ, ಇನ್ನೂ ಹೆಚ್ಚು ಬೇಕು. ನಾನು ಒಳಗೆ ಹೋಗಿ ದೋಸೆ ಹಿಟ್ಟು ರುಬ್ಬಿ ಬಂದೆ. ಬರುವ ಹೊತ್ತಿಗೆ ಮೀಟರ್ 0.38ರಲ್ಲಿ ನಿಂತಿತ್ತು. ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಲೆಕ್ಕ ಹಾಕಿ. 0.38 ಆಂಪಿಯರ್ ಅಂದರೆ ದಿನಕ್ಕೆ 9 ಆಂಪಿಯರ್ ಅವರ್, ಬ್ಯಾಟರಿಯ ಕಾಲು ಭಾಗ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ 43 ಗಂಟೆ, ಅಂದರೆ 16 ಆಂಪಿಯರ್ ಅವರ್ ಮಾಯ. ವಾರದ ದಿನಗಳಲ್ಲೂ ರಾತ್ರಿ ಹೋದದ್ದನ್ನು ಅರ್ಧ ಗಂಟೆಯ ಓಡಾಟ ಪೂರ್ತಿ ತುಂಬಿಸುವುದಿಲ್ಲ, ಹಾಗಾಗಿ ಶನಿವಾರವೇ ಬ್ಯಾಟರಿ ಮುಕ್ಕಾಲು. ರೋಗ ಸೋಮವಾರವೇ ಯಾಕೆ ಬರುತ್ತಿತ್ತು ಅನ್ನುವುದು ಇಲ್ಲಿಗೆ ತಿಳಿಯಿತು. ಇವರು ಅಷ್ಟು ದಿನ ನಾನು ಶನಿವಾರ ಲೈಟ್ ಆರಿಸದೆ ಬರುತ್ತೇನೆ ಅಂತ ಅನುಮಾನಿಸುತ್ತಿದ್ದರು. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಮುಂದೆ ಎಲ್ಲರೂ ಮಾಡುವುದು ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ಇಳಿಯುತ್ತದಾ ನೋಡುವುದು. ತೊಂದರೆ ಏನೆಂದರೆ, ಫ್ಯೂಸ್ ಕಿತ್ತು ಮತ್ತೆ ಹಾಕಿದಾಗ ಮಲಗಿದ್ದ ಯೂನಿಟ್ಟುಗಳು ಎಚ್ಚರಾಗಬಹುದು, ಆಗ ಮತ್ತೆ ಅರ್ಧ ಗಂಟೆ ಕಾಯಬೇಕು. ಕೀಳದೆಯೇ ನೋಡುವ ದಾರಿ ಇದೆ, ನನಗೆ ಅದೇ ಇಷ್ಟ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಎರಡು ಪುಟ್ಟ ಕಿಂಡಿಗಳಿವೆ ನೋಡಿ, ಒಳಗೆ ಬರಿ ಲೋಹ ಕಾಣುತ್ತದೆ. ಫ್ಯೂಸೂ ಒಂದು ತಂತಿಯೇ, ಅದಕ್ಕೂ ಚೂರು ರೋಧ ಇರುತ್ತದೆ. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸಿಗೆ ಏಳೆಂಟು ಮಿಲಿಓಮ್. ಅದರಲ್ಲಿ ಕರೆಂಟು ಹರಿಯುತ್ತಿದ್ದರೆ ಎರಡು ಕಿಂಡಿಗಳ ನಡುವೆ ಮಿಲಿವೋಲ್ಟ್ ಲೆಕ್ಕದಲ್ಲಿ ವೋಲ್ಟೇಜ್ ಕಾಣಬೇಕು. ಓಮ್‌ನ ನಿಯಮ, ಬೇರೆ ಏನೂ ಅಲ್ಲ. ನಮ್ಮ 0.38 ಆಂಪಿಯರ್ ಪೂರ್ತಿ ಒಂದು ಕೆಂಪು ಫ್ಯೂಸಿನಲ್ಲಿ ಹೋಗುತ್ತಿದ್ದರೆ ಸುಮಾರು 3 ಮಿಲಿವೋಲ್ಟ್.

ಲ್ಯಾಬಿನಿಂದ ಇನ್ನೊಂದು ಮೀಟರ್ ತಂದಿದ್ದೆ. ಅದನ್ನು 200 ಮಿಲಿವೋಲ್ಟಿಗೆ ಇಟ್ಟು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಒಳಗಿನ ಪೆಟ್ಟಿಗೆಯ ಒಂದೊಂದು ಫ್ಯೂಸನ್ನೂ ಮುಟ್ಟಿಸುತ್ತಾ ಬಂದೆ. 0.0, 0.0, 0.0. ಎರಡು ಕೆಂಪು ಫ್ಯೂಸಿನಲ್ಲಿ 0.1. ಅವು ಗಡಿಯಾರ, ಲಾಕಿನವು, ಹತ್ತಿಪ್ಪತ್ತು ಮಿಲಿಆಂಪಿಯರಿನ ಪಾಪದವು. ಬಾನೆಟ್ಟಿನ ಕೆಳಗಿನ ಪೆಟ್ಟಿಗೆಯೂ ಅಷ್ಟೇ. 3 ಹೋಗಲಿ, 1 ಮಿಲಿವೋಲ್ಟ್ ಕೂಡ ಎಲ್ಲೂ ಇಲ್ಲ. ಅತ್ತ ಬ್ಯಾಟರಿ ಹತ್ತಿರದ ಮೀಟರ್ ಮಾತ್ರ 0.38 ಅಂತ ಜಪ ಮಾಡುತ್ತಲೇ ಇದೆ.

ಇಲ್ಲಿ ಸುಸ್ತಾಗಿ ಬಾನೆಟ್ ಮುಚ್ಚುವವರು ಬಹಳ. ನನಗೆ ಮಾತ್ರ ಖುಷಿಯೇ ಆಯಿತು. ದ್ವಿತೀಯ ಪಿಯು ಮೂರನೇ ಅಧ್ಯಾಯದಲ್ಲಿ ಕಿರ್ಚಾಫ್‌ನ ನಿಯಮ ಬರುತ್ತದೆ. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಆತ ಬರೆದದ್ದು. ಸಂಧಿಗೆ ಬಂದ ಕರೆಂಟೆಲ್ಲ ಅಲ್ಲಿಂದ ಹೊರಗೆ ಹೋಗಲೇಬೇಕು, ನಡುವೆ ಆವಿಯಾಗುವುದಿಲ್ಲ. ಬ್ಯಾಟರಿಯಿಂದ 0.38 ಹೊರಟಿದೆ, ಫ್ಯೂಸ್ ಪೆಟ್ಟಿಗೆಗಳ ಮೂಲಕ ಹೋಗುತ್ತಿರುವುದು 0.02. ಉಳಿದ 0.36 ಪೆಟ್ಟಿಗೆಯನ್ನು ದಾಟದೆ ಬೇರೆ ದಾರಿಯಲ್ಲಿ ಹೋಗುತ್ತಿದೆ. ಅಂಥ ದಾರಿಗಳು ಎಷ್ಟಿದ್ದಾವು? ಸ್ಟಾರ್ಟರಿನ ದಪ್ಪ ಕೇಬಲ್, ಗ್ಯಾರೇಜಿನವರು ಹೇಳಿದ ಡೈನಮೋದ ಕೇಬಲ್, ಇಲ್ಲವೇ ಯಾರಾದರೂ ಆಮೇಲೆ ನೇರ ಬ್ಯಾಟರಿಯಿಂದಲೇ ಎಳೆದ ವೈರು.

ಪಾಸಿಟಿವ್ ಟರ್ಮಿನಲ್ಲಿನ ರಬ್ಬರ್ ಟೋಪಿ ಎತ್ತಿ ನೋಡಿದೆ. ಕಂಪನಿಯ ದಪ್ಪ ಕೇಬಲುಗಳ ಅಡಿಯಲ್ಲಿ ಒಂದು ತೆಳು ಕೆಂಪು ವೈರು ಅದೇ ನಟ್ಟಿಗೆ ಸಿಕ್ಕಿಕೊಂಡಿತ್ತು. ಗೇಣುದ್ದದಲ್ಲಿ ಒಂದು ಫ್ಯೂಸ್ ಹೋಲ್ಡರ್, ಅದಕ್ಕೆ ಸುತ್ತಿದ ಕರಿ ಟೇಪು ಬಿಸಿಲಿಗೆ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಟೇಪ್ ಬಿಡಿಸಿದರೆ ಒಳಗೆ ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್. ಮೀಟರ್ ಇಟ್ಟೆ, 1.7 ಮಿಲಿವೋಲ್ಟ್. ಕಿತ್ತೆ. ಆ ಕಡೆ ಮೀಟರ್ 0.38ರಿಂದ ಸೀದಾ 0.02ಕ್ಕೆ ಬಿತ್ತು.

ವೈರಿನ ಬೆನ್ನು ಹತ್ತಿದ್ದು ಆಮೇಲೆ. ಅದು ಎಂಜಿನ್ ಹಿಂದಿನ ಗೋಡೆಯ ತೂತಿನಿಂದ ಒಳಗೆ ನುಗ್ಗಿ, ಎಡಗಡೆ ಬಾಗಿಲಿನ ಮೆಟ್ಟಿಲಪಟ್ಟಿಯ ಅಡಿಯಲ್ಲಿ ಹಾದು, ಮುಂದಿನ ಎಡ ಸೀಟಿನ ಕೆಳಗೆ ಹಾಡಿಗೆ ದಪ್ಪ ಸದ್ದು ಬರಲೆಂದು ಮಗ ಹಾಕಿಸಿದ್ದ ವೂಫರ್ ಪೆಟ್ಟಿಗೆಗೆ ಸೇರುತ್ತಿತ್ತು. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮುಂಚೆ ಅವನದೊಂದು ಶೋಕಿ. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿತ್ತು. ಹಿಂದಿನ ದಿನದಿಂದ ಗಾಡಿ ಶೆಡ್ಡಿನಲ್ಲೇ ಇತ್ತು, ಹೊರಗೆ ತೀರ್ಥಹಳ್ಳಿಯ ಚಳಿ.

ವೂಫರಿಗೆ ಮುಖ್ಯವಾಗಿ ಬೇಕಾದ್ದು ಮೂರು ವೈರು. ಕೆಂಪು ಬ್ಯಾಟರಿಯಿಂದ, ಕಪ್ಪು ಅರ್ತಿಗೆ. ಮೂರನೆಯದು ಸ್ಟೀರಿಯೋದಿಂದ ಬರುವ ನೀಲಿ-ಬಿಳಿ ಪಟ್ಟೆಯ ತೆಳು ವೈರು, ಅದು ಅಪ್ಪಣೆ ಕೊಡುವ ವೈರು. ಸ್ಟೀರಿಯೋ ಆನ್ ಆದರೆ ಅದರಲ್ಲಿ 12 ವೋಲ್ಟ್ ಬರುತ್ತದೆ, ವೂಫರ್ ಏಳುತ್ತದೆ. ಆಫ್ ಆದರೆ ಮಲಗುತ್ತದೆ. ನಮ್ಮದರಲ್ಲಿ ಆ ನೀಲಿ-ಬಿಳಿ ವೈರಿನ ಮೋಟು ತುದಿಯನ್ನು ಪಕ್ಕದ ಕೆಂಪಿಗೇ ತಿರುಚಿ ಟೇಪ್ ಸುತ್ತಿದ್ದರು. ಅಂದರೆ ಹಗಲೂ ರಾತ್ರಿ ಅಪ್ಪಣೆ ಇದ್ದೇ ಇದೆ. ಹಾಡು ಇಲ್ಲ, ಸದ್ದಿಲ್ಲ, ಉರಿಯುವ ಪುಟ್ಟ ದೀಪ ಕಾರ್ಪೆಟ್ಟಿನ ಅಡಿಗೆ.

ಆಗ ನೆನಪಾಯಿತು. ಮಳೆಗಾಲದಲ್ಲಿ ವೂಫರ್ ಸುಮ್ಮನಾಗಿತ್ತು, ರಜೆಗೆ ಬಂದಿದ್ದ ಮಗ ಪೇಟೆಯ ಆಕ್ಸೆಸರೀಸ್ ಅಂಗಡಿಯೊಂದಕ್ಕೆ ಗಾಡಿ ಒಯ್ದು ಸರಿಮಾಡಿಸಿ ತಂದಿದ್ದ. ಯಾಕೆ ಸುಮ್ಮನಾಗಿತ್ತು ಅಂತ ಅಲ್ಲಿ ಯಾರೂ ನೋಡಿದ ಹಾಗಿಲ್ಲ. ನಾನು ಕಾರ್ಪೆಟ್ ಇನ್ನಷ್ಟು ಎಳೆದೆ. ಗ್ಲೋವ್‌ಬಾಕ್ಸಿನ ಅಡಿಯ ಮೂಲೆಯಲ್ಲಿ ಅಡಿಕೆ ಸಿಪ್ಪೆಯ ನಾರು, ಹರಿದ ಸ್ಪಂಜಿನ ಚೂರು, ಹಿಕ್ಕೆ. ನೀಲಿ-ಬಿಳಿ ವೈರಿನ ಇನ್ನೊಂದು ತುದಿ ಅದರ ಮಧ್ಯೆ ಇತ್ತು, ಪ್ಲಾಸ್ಟಿಕ್ಕಿನ ಮೇಲೆ ಜೋಡಿ ಜೋಡಿ ಹಲ್ಲಿನ ಗೀರು. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿಯದೆ ಅದಕ್ಕೆ ಗತಿಯಿಲ್ಲ. ಅಂಗಡಿಯವರಿಗೆ ಅಂಥ ಅನಿವಾರ್ಯವೇನೂ ಇರಲಿಲ್ಲ. ಒಂದೂವರೆ ಮೀಟರ್ ವೈರು ಎಳೆಯುವ ಕೆಲಸವನ್ನು ಎರಡಿಂಚಿನಲ್ಲಿ ಮುಗಿಸಿದ್ದರು.

ರಿಪೇರಿಯ ಬಗ್ಗೆ ಹೇಳುವಂಥದ್ದು ಕಮ್ಮಿ. ತಿರುಚಿದ್ದನ್ನು ಕತ್ತರಿಸಿ, ಸ್ಟೀರಿಯೋ ಹಿಂದಿನಿಂದ ಹೊಸ ವೈರು ಎಳೆದು, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ತೋಳು ಹಾಕಿದೆ. ಮೇಲೆ ಇಲಿಯ ಸಲುವಾಗಿ ಗಟ್ಟಿ ಪೈಪು. ಸೀಟಿನ ಕೆಳಗೆ ಕೈ ಹಾಕುವವರು ಹಳದಿ ಕನೆಕ್ಟರ್ ಕಂಡರೆ ಬಿಟ್ಟುಬಿಡಿ, ಅದು ಏರ್‌ಬ್ಯಾಗಿನದ್ದು. ನೀಲಿ ಫ್ಯೂಸ್ ವಾಪಸು ಹಾಕಿ, ಎಲ್ಲ ಮಲಗಿದ ಮೇಲೆ ಮತ್ತೆ ಅಳೆದರೆ 0.02. ಬ್ಯಾಟರಿಯನ್ನು ಚಾರ್ಜರಿಗೆ ಹಾಕಿ ರಾತ್ರಿಯಿಡೀ ತುಂಬಿಸಿದೆ. ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ತುಂಬಿಸಿದರೂ ಹಿಡಿಯುವುದಿಲ್ಲ. ಅಂಗಡಿಗೆ ಕೊಟ್ಟ ಹಳೆಯ ಬ್ಯಾಟರಿ ಹಾಗೇ ಹಾಳಾಗಿತ್ತೋ, ಬರೀ ಖಾಲಿಯಾಗಿತ್ತೋ ಅನ್ನುವುದು ಇನ್ನೂ ಕೊರೆಯುತ್ತದೆ.

ಮಗನಿಗೆ ಫೋನ್ ಮಾಡಿ ಹೇಳಿದರೆ "ಅಮ್ಮಾ, ಅದನ್ನ ತೆಗೆದು ಗುಜರಿಗೆ ಹಾಕು, ಈಗ ಯಾರು ಕೇಳ್ತಾರೆ" ಅಂದ. ಮಾವ ಒಪ್ಪಲಿಲ್ಲ. ಯಕ್ಷಗಾನದ ಚೆಂಡೆ ಅದರಲ್ಲಿ ಸರಿಯಾಗಿ ಕೇಳುತ್ತದಂತೆ. ಸೋಮವಾರ ಗಾಡಿ ಈಗ ಒಂದೇ ಸೆಲ್ಫಿಗೆ ಏಳುತ್ತದೆ. ಗಾಜಿಗೆ ವಾಷರ್ ನೀರು ಮಾತ್ರ ಬರುತ್ತಿಲ್ಲ, ಟ್ಯಾಂಕ್ ತುಂಬಿಯೇ ಇದೆ, ಮೋಟರ್ ತಿರುಗುವ ಸದ್ದೂ ಕೇಳುತ್ತದೆ. ಆ ರಬ್ಬರ್ ಪೈಪು ಹಾದುಹೋಗುವುದೂ ಇಲಿ ಓಡಾಡುವ ಜಾಗದಲ್ಲೇ. ಭಾನುವಾರ ಬಿಚ್ಚಿ ನೋಡುತ್ತೇನೆ.